ಗಾಡಿ ಹತ್ತುವ ಮೊದಲೇ ಸಿಕ್ಕ ಇಂಜೆಕ್ಷನ್: ಮೂರು ಆಸ್ಪತ್ರೆ ನೋಡಿದ ಮೇಲೆ

ನಾನು ಮಲೆನಾಡಿನ ಒಂದು ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಠಸ್ಸೆ ಒತ್ತುವುದು, ತಾರೀಕು ನೋಡುವುದು, ಸಮಯ ಬರೆದಿಡುವುದು ಎಂಟು ವರ್ಷದ ಅಭ್ಯಾಸ. ಹಾಗಾಗಿ ಕಳೆದ ಮಳೆಗಾಲದಲ್ಲಿ ನನಗೆ ಅವಧಿಗೆ ಮುಂಚೆ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು ಹೋದಾಗಿನ ಗಂಟೆ, ನಿಮಿಷ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇದೆ. ಬೇಗ ಹುಟ್ಟುವ ಮಗುವಿನ ಶ್ವಾಸಕೋಶ ತಯಾರಾಗಲಿ ಅಂತ ತಾಯಿಗೆ ಕೊಡುವ ಒಂದು ಇಂಜೆಕ್ಷನ್ ಬಗ್ಗೆ, ಆ ನೋಟ್‌ಬುಕ್ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಒಂದು ಖಾಸಗಿ ನರ್ಸಿಂಗ್ ಹೋಮ್, ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಆಮೇಲೆ ಜಿಲ್ಲಾ ಆಸ್ಪತ್ರೆ, ಹೀಗೆ ಹದಿನಾರು ಗಂಟೆಯೊಳಗೆ ಮೂರು ಕಡೆ ಹೋದೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರಿಗಿಂತ ಅಲ್ಲಿ ಏನು ಮಾಡಿದರು, ಏನು ಮಾಡಲಿಲ್ಲ ಅನ್ನೋದು ನಿಮಗೆ ಜಾಸ್ತಿ ಉಪಯೋಗ.

ಮೊದಲು ನರ್ಸಿಂಗ್ ಹೋಮ್. ಮೂರನೇ ತಿಂಗಳಿಂದ ಅಲ್ಲೇ ತೋರಿಸುತ್ತಿದ್ದೆ. ಭಾನುವಾರ ಸಂಜೆ ಐದರ ಹೊತ್ತಿಗೆ ಒಳಬಟ್ಟೆ ಒದ್ದೆ ಅನ್ನಿಸಿತು. ಮೂತ್ರ ಇರಬಹುದು ಅಂದುಕೊಂಡೆ. ಬಟ್ಟೆ ಬದಲಿಸಿದೆ. ಅರ್ಧ ಗಂಟೆಗೆ ಮತ್ತೆ ಒದ್ದೆ. ನಮ್ಮನೆಯವರು ಬೈಕ್ ಬೇಡ ಅಂತ ಪಕ್ಕದ ಮನೆಯವರ ಓಮ್ನಿ ಕೇಳಿ ತಂದರು. ಏಳಕ್ಕೆ ಅಲ್ಲಿದ್ದೆವು. ನೋಡಿದವರು ಹೊಟ್ಟೆ ಮುಟ್ಟಿ, ಮಗುವಿನ ಎದೆಬಡಿತ ಕೇಳಿಸಿ, "ಬಿಳಿ ಸೆರಗು ಅಷ್ಟೇ, ಎಲ್ಲರಿಗೂ ಆಗುತ್ತೆ" ಅಂದರು. ಮಾತ್ರೆ ಬರೆದು ಮನೆಗೆ ಕಳಿಸಿದರು. 850 ರೂಪಾಯಿ ಆಯಿತು. ಸ್ಪೆಕ್ಯುಲಮ್ ಅನ್ನೋ ಸಾಧನ ಹಾಕಿ ಒಳಗೆ ನೀರು ನಿಂತಿದೆಯಾ ಅಂತ ನೋಡಲಿಲ್ಲ. ಒಂದು ಪ್ಯಾಡ್ ಇಟ್ಟುಕೊಂಡು ಒಂದು ಗಂಟೆ ಕೂತಿರಮ್ಮ, ಒದ್ದೆಯಾಗುತ್ತಾ ನೋಡೋಣ ಅಂತ ಕೂಡ ಹೇಳಲಿಲ್ಲ. ನನಗೆ ಆಗ 30 ವಾರ 3 ದಿನ. ಹೊಟ್ಟೆಯಲ್ಲಿರುವ ಮಗುವಿಗೆ ಒಂದೊಂದು ದಿನವೂ ಲೆಕ್ಕ ಇರುವ ಹೊತ್ತು. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಸೋಮವಾರ ಬೆಳಗಿನ ಜಾವ 4.40ಕ್ಕೆ ಹಾಸಿಗೆಯೆಲ್ಲ ಒದ್ದೆಯಾಯಿತು. ಈ ಸಲ ಸಂಶಯವೇ ಇರಲಿಲ್ಲ. ಎದ್ದು ನಿಂತರೆ ಕಾಲಲ್ಲಿ ಇಳಿಯುತ್ತಿತ್ತು. ಉಗುರು ಬೆಚ್ಚಗಿನ ನೀರು, ಬಣ್ಣ ಇಲ್ಲ. ಅತ್ತೆ ದೀಪ ಹಚ್ಚಿ ದೇವರ ಮುಂದೆ ನಿಂತುಬಿಟ್ಟರು. ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ "ಡಾಕ್ಟರ್ ಹತ್ತು ಗಂಟೆಗೆ ಬರ್ತಾರೆ" ಅಂದರು. ನಮ್ಮನೆಯವರು ಫೋನ್ ಇಟ್ಟು ಆಶಾ ಅಕ್ಕನಿಗೆ ಮಾಡಿದರು. ಅವರು ಹೇಳಿದ್ದು ಎರಡೇ ಮಾತು: "ಒಂದು ಪ್ಯಾಡ್ ಹಾಕ್ಕೊಂಡು ಬಾ, ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು ಮರೀಬೇಡ. ನಾನು ಪಿಎಚ್‌ಸಿ ಹತ್ರ ಇರ್ತೀನಿ."

ನಮ್ಮ ಪಿಎಚ್‌ಸಿ ಹೊರಗಿಂದ ನೋಡಿದರೆ ಏನೂ ಇಲ್ಲ. ಗೋಡೆಗೆ ಪಾಚಿ, ಮುಂದೆ ಒಂದು ಹಲಸಿನ ಮರ, ಕರೆಂಟ್ ಆಗಾಗ ಹೋಗುತ್ತೆ. ನಾನೂ ಅಲ್ಲಿಗೆ ಧನುರ್ವಾಯು ಇಂಜೆಕ್ಷನ್ ಬಿಟ್ಟರೆ ಹೋದವಳಲ್ಲ. ಆದರೆ 24 ಗಂಟೆ ಹೆರಿಗೆ ಮಾಡುವ ಪಿಎಚ್‌ಸಿ ಅದು, ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಇರುತ್ತಾರೆ. 5.50ಕ್ಕೆ ನಾವು ಹೋದಾಗ ಅವರು ಎಚ್ಚರವಾಗಿದ್ದರು.

ಅವರು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಪ್ಯಾಡ್ ನೋಡಿದರು, ವಾಸನೆ ನೋಡಿದರು. ಹಸಿರು ಬಣ್ಣ ಇದೆಯಾ, ರಕ್ತ ಇದೆಯಾ, ಕೆಟ್ಟ ವಾಸನೆ ಇದೆಯಾ ಅಂತ. ಜ್ವರ ನೋಡಿದರು, ಬಿಪಿ, ನಾಡಿ ನೋಡಿದರು. ಒಳಗೆ ಬೆರಳು ಹಾಕಿ ಪರೀಕ್ಷೆ ಮಾಡಲಿಲ್ಲ. "ನೀರು ಹೋದ ಮೇಲೆ ಸುಮ್ನೆ ಸುಮ್ನೆ ಕೈ ಹಾಕಬಾರದಮ್ಮ, ನಂಜು ಒಳಗೆ ಹೋಗುತ್ತೆ" ಅಂದರು. ಆಮೇಲೆ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ತಾರೀಕು ನೋಡಿ, 12 ವಾರದ ಸ್ಕ್ಯಾನ್ ಪಕ್ಕಕ್ಕಿಟ್ಟು ಎರಡನ್ನೂ ತಾಳೆ ಹಾಕಿದರು. 30 ವಾರ 4 ದಿನ. ಡಾಕ್ಟರಿಗೆ ಫೋನ್ ಮಾಡಿದರು, ಒಂದೂವರೆ ನಿಮಿಷ ಮಾತಾಡಿದರು. ಫೋನ್ ಇಟ್ಟು, ಹಸಿರು ಪ್ಲಾಸ್ಟಿಕ್ ಟ್ರೇಯಿಂದ ಒಂದು ಸಣ್ಣ ಬಾಟಲಿ ತೆಗೆದರು.

"ಇದು ಡೆಕ್ಸಾಮೆಥಾಸೋನ್. ಮಗು ಬೇಗ ಹುಟ್ಟಿದರೆ ಅದರ ಶ್ವಾಸಕೋಶ ತಯಾರಾಗಿರಲಿ ಅಂತ. ಒಟ್ಟು ನಾಲ್ಕು, ಹನ್ನೆರಡು ಗಂಟೆಗೊಂದು. ಮೊದಲನೇದು ನಾನು ಕೊಟ್ಟು ಕಳಿಸ್ತೀನಿ, ಉಳಿದದ್ದು ಅಲ್ಲಿ."

ಒಂದೂವರೆ ಎಂಎಲ್. ಅಂದರೆ 6 ಮಿಲಿಗ್ರಾಂ. ತೊಡೆಗೆ ಕೊಟ್ಟರು. 6.15. ರೆಫರ್ ಚೀಟಿಯ ಮೇಲೆ ಔಷಧಿ ಹೆಸರು, ಪ್ರಮಾಣ, ಸಮಯ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ ಮಕ್ಕಳ ಘಟಕದಲ್ಲಿ ಜಾಗ ಇದೆಯಾ ಕೇಳಿದರು. 108 ಬಂದಿದ್ದು 6.50ಕ್ಕೆ. 62 ಕಿಲೋಮೀಟರ್, ತಿರುವು ರಸ್ತೆ, ಎಡೆಬಿಡದ ಮಳೆ. ಜಿಲ್ಲಾ ಆಸ್ಪತ್ರೆ ಮುಟ್ಟಿದಾಗ 8.50. ಅಲ್ಲಿ ಹೆಸರು ಬರೆಸಿ, ಪರೀಕ್ಷೆ ಆಗಿ, ಹಾಸಿಗೆ ಸಿಕ್ಕಾಗ ಹತ್ತೂವರೆ ದಾಟಿತ್ತು. ಪಿಎಚ್‌ಸಿಯಲ್ಲಿ ಬರೀ ಚೀಟಿ ಕೊಟ್ಟು ಕಳಿಸಿದ್ದರೆ ನನ್ನ ಮೊದಲ ಇಂಜೆಕ್ಷನ್ ಆಗ ಆಗುತ್ತಿತ್ತು. ನಾಲ್ಕು ಗಂಟೆಗೂ ಜಾಸ್ತಿ ತಡ. ದಾರಿಯಲ್ಲೇ ನೋವು ಶುರುವಾಗಿದ್ದರೆ? ಯೋಚನೆ ಮಾಡಿದರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಆಮೇಲೆ ಓದಿ ತಿಳಿದುಕೊಂಡೆ: ಇದು ಆ ಸಿಸ್ಟರ್ ತಾವಾಗಿ ಮಾಡಿದ ಉಪಕಾರ ಅಲ್ಲ, ನಿಯಮವೇ ಇದೆ. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಮಾರ್ಗಸೂಚಿ ತಂದಿದೆ. 24ರಿಂದ 34 ವಾರದೊಳಗೆ ಅವಧಿಗೆ ಮುಂಚೆ ಹೆರಿಗೆಯ ಲಕ್ಷಣ ಕಂಡರೆ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಿಸ್ಟರೇ, ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಔಷಧಿಗೆ ಫ್ರಿಜ್ ಬೇಕಿಲ್ಲ. ಬೆಲೆ ಕೆಲವೇ ರೂಪಾಯಿ. ಹಾಗಿದ್ದರೂ ಎಷ್ಟು ಕಡೆ ಬರೀ ಚೀಟಿ ಕೊಟ್ಟು ಕಳಿಸುತ್ತಾರೆ ಅಂತ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಬಾಯಲ್ಲಿ ಕೇಳಿದೆ. ನಿಯಮ ಇರುವುದು ಬೇರೆ, ಬೆಳಗ್ಗೆ ಆರೂಕಾಲಿಗೆ ಟ್ರೇಯಲ್ಲಿ ಬಾಟಲಿ ಇರುವುದು ಬೇರೆ ಅಲ್ವಾ.

ನಮ್ಮ ಪಿಎಚ್‌ಸಿಗೆ ಐದಕ್ಕೆ ಐದು.

ಜಿಲ್ಲಾ ಆಸ್ಪತ್ರೆ ಬಗ್ಗೆ ಹೇಳುವುದು ಜಾಸ್ತಿ ಇದೆ, ಒಳ್ಳೆಯದೂ ಇದೆ, ಬೇಸರದ್ದೂ ಇದೆ.

ಸ್ಪೆಕ್ಯುಲಮ್ ಹಾಕಿ ನೋಡಿದ ಡಾಕ್ಟರ್ ಒಂದೇ ನೋಟಕ್ಕೆ "ನೀರು ನಿಂತಿದೆ" ಅಂದರು. ಹಿಂದಿನ ದಿನ ಐದೇ ನಿಮಿಷದಲ್ಲಿ ಆಗಬಹುದಾಗಿದ್ದ ಪರೀಕ್ಷೆ. ಸ್ಕ್ಯಾನಿನಲ್ಲಿ ಮಗುವಿನ ಸುತ್ತ ನೀರು ಕಡಿಮೆ, ತೂಕ ಅಂದಾಜು ಒಂದೂವರೆ ಕೆಜಿಯೊಳಗೆ. ನೋವಿಲ್ಲ, ಜ್ವರ ಇಲ್ಲ, ಹಾಗಾಗಿ ಕಾಯೋಣ ಅಂದರು. ನಂಜಾಗದಿರಲಿ ಅಂತ ಎರಿಥ್ರೋಮೈಸಿನ್ ಮಾತ್ರೆ ದಿನಕ್ಕೆ ನಾಲ್ಕು, ಹತ್ತು ದಿನ. ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ, ಮಗುವಿನ ಎದೆಬಡಿತ.

ಆದರೆ ಮಧ್ಯಾಹ್ನದ ತನಕ ಯಾರೂ ನಮಗೆ ಕೂತು ವಿವರಿಸಲಿಲ್ಲ. ಅಷ್ಟರಲ್ಲಿ ಅಮ್ಮ ತವರಿನಿಂದ ಬಂದಿದ್ದಳು. ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಜಾತಿಯ ಔಷಧಿ. ಕೇಸ್ ಶೀಟಿನಲ್ಲಿ "ಸ್ಟೀರಾಯ್ಡ್" ಅಂತ ಯಾರೋ ಓದಿದ್ದನ್ನು ಕೇಳಿ ಅವಳ ಮುಖ ಬಿಳಚಿತು. "ಆಸ್ತಮಾಕ್ಕೆ ಅದನ್ನ ತಿಂದೂ ತಿಂದೂ ನಿಮ್ಮ ದೊಡ್ಡಪ್ಪನ ಮೂಳೆ ಸವೆದುಹೋಯ್ತು, ಹೊಟ್ಟೇಲಿರೋ ಮಗೂಗೆ ಅದನ್ನ ಕೊಡೋದಾ?" ಅಂತ. ಅತ್ತೆಗೆ ಇನ್ನೊಂದು ಭಯ. ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ ಅಂತ ನಮ್ಮ ಕಡೆ ಮಾತಿದೆ. ನನಗೆ ಎಂಟಕ್ಕೆ ಬಿದ್ದಿತ್ತು. ಇಬ್ಬರೂ ಸೇರಿ ಎರಡನೇ ಇಂಜೆಕ್ಷನ್ ಬೇಡ ಅನ್ನಲು ಶುರು ಮಾಡಿದರು.

ಆಗ ಬಂದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಿಂತುಕೊಂಡು ಮಾತಾಡಲಿಲ್ಲ, ಸ್ಟೂಲ್ ಎಳೆದು ಅಮ್ಮನ ಎದುರು ಕೂತರು. ಅವರ ಮಾತನ್ನು ನಾನು ಅವತ್ತೇ ಬರೆದಿಟ್ಟೆ.

"ಅಮ್ಮಾ, ಒದ್ದೆಯಾದ ಪ್ಲಾಸ್ಟಿಕ್ ಕವರ್ ಬಿಡಿಸೋಕೆ ಎಷ್ಟು ಕಷ್ಟ, ಒಳಗೆಲ್ಲ ಅಂಟಿಕೊಂಡಿರುತ್ತಲ್ಲ? ಬೇಗ ಹುಟ್ಟಿದ ಮಗುವಿನ ಶ್ವಾಸಕೋಶದ ಗುಳ್ಳೆಗಳೂ ಹಾಗೇ. ಒಂದು ಸಲ ಉಸಿರು ತಗೊಂಡು ಬಿಟ್ಟರೆ ಮತ್ತೆ ಅಂಟಿಕೊಳ್ಳುತ್ತವೆ. ಪ್ರತಿ ಉಸಿರಿಗೂ ಅದು ಹೊಸದಾಗಿ ಬಿಡಿಸಬೇಕು. ಸುಸ್ತಾಗಿಬಿಡುತ್ತೆ. ಅಂಟಿಕೊಳ್ಳದ ಹಾಗೆ ಒಳಗೆ ಒಂದು ಜಿಡ್ಡಿನ ಪದಾರ್ಥ ಬೇಕು, ಅದು ತುಂಬಿದ ತಿಂಗಳಿಗೆ ತಾನಾಗೇ ಬರುತ್ತೆ. ಈ ಇಂಜೆಕ್ಷನ್ ಅದನ್ನ ಬೇಗ ತರಿಸುತ್ತೆ. ನಿಮ್ಮ ಭಾವ ವರ್ಷಗಟ್ಟಲೆ ತಿಂದರು. ಇವಳಿಗೆ ಎರಡು ದಿನ, ನಾಲ್ಕೇ ಇಂಜೆಕ್ಷನ್."

ಏಳು, ಎಂಟರ ಮಾತಿಗೆ ಅವರು ನಗಲಿಲ್ಲ. "ಒಳಗೆ ನಂಜಾಗದೆ ಉಳಿದರೆ ಒಂದೊಂದು ದಿನವೂ ಮಗುವಿಗೆ ಲಾಭ ಅಜ್ಜಿ, ಏಳಕ್ಕಿಂತ ಎಂಟು ಒಳ್ಳೇದು, ಎಂಟಕ್ಕಿಂತ ಒಂಬತ್ತು" ಅಂದರು. ಅತ್ತೆ ಸುಮ್ಮನಾದರು. ಅಮ್ಮ ತಾನೇ ಕೇಳಿದಳು, ಎರಡನೇದು ಎಷ್ಟು ಹೊತ್ತಿಗೆ ಅಂತ.

ಈ ಚಿಕಿತ್ಸೆಯ ಹಿಂದಿನ ಕಥೆಯನ್ನೂ ಅವರೇ ಆಮೇಲೊಂದು ರಾತ್ರಿ ಪಾಳಿಯಲ್ಲಿ ಹೇಳಿದರು, ಉಳಿದದ್ದನ್ನು ನಾನು ಹುಡುಕಿ ಓದಿದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಅನ್ನೋ ಡಾಕ್ಟರ್ ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು, ಹೆರಿಗೆ ಯಾಕೆ ಶುರುವಾಗುತ್ತೆ ಅಂತ ತಿಳಿಯಲು. ಬದುಕಲೇಬಾರದಷ್ಟು ಬೇಗ ಹುಟ್ಟಿದ ಒಂದು ಕುರಿಮರಿ ಉಸಿರಾಡುತ್ತಿತ್ತು. ಅದಕ್ಕೆ ಸ್ಟೀರಾಯ್ಡ್ ಕೊಟ್ಟಿದ್ದರು. ಅಲ್ಲಿಂದ ಅವರು ಹೌವೀ ಅನ್ನೋ ಮಕ್ಕಳ ಡಾಕ್ಟರ್ ಜೊತೆ ಸೇರಿ ತಾಯಂದಿರಿಗೆ ಕೊಟ್ಟು ನೋಡಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಷ್ಟಾದರೂ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಇದನ್ನು ಬೇಗ ಹೆರಿಗೆ ಆಗುವ ಸಂಭವ ಇರುವ ಎಲ್ಲರಿಗೂ ಕೊಡಿ ಅಂತ ಹೇಳಿದ್ದು 1994ರಲ್ಲಿ. 22 ವರ್ಷ. ಅಷ್ಟು ವರ್ಷದಲ್ಲಿ ಉಳಿಯಬಹುದಾಗಿದ್ದ ಮಕ್ಕಳನ್ನು ನೆನೆದರೆ ಗಂಟಲು ಕಟ್ಟುತ್ತೆ.

ನಮ್ಮ ಕಡೆಗೂ ಇದರಲ್ಲಿ ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾದ 29 ಆಸ್ಪತ್ರೆಗಳಲ್ಲಿ 2,852 ತಾಯಂದಿರೊಂದಿಗೆ ಒಂದು ಅಧ್ಯಯನ ಮಾಡಿತು, 2020ರಲ್ಲಿ ಪ್ರಕಟವಾಯಿತು. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಅದರಲ್ಲಿತ್ತು. ಇಂಜೆಕ್ಷನ್ ಸಿಗದವರಲ್ಲಿ ನೂರಕ್ಕೆ 23.5 ಮಕ್ಕಳು ತೀರಿಕೊಂಡರೆ, ಸಿಕ್ಕವರಲ್ಲಿ 19.6. ಪ್ರತಿ 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಹೆಚ್ಚಿಗೆ ಉಳಿಯುತ್ತೆ. ನಮ್ಮ ವಾರ್ಡಿನಲ್ಲಿ ಹಾಸಿಗೆ ಇದ್ದಿದ್ದು 24.

ಈಗ ದೂರು. ಎರಡನೇ ಇಂಜೆಕ್ಷನ್ ಸಂಜೆ 6.15ಕ್ಕೆ ಆಗಬೇಕಿತ್ತು. ಅದು ಪಾಳಿ ಬದಲಾಗುವ ಹೊತ್ತು. ಆರೂವರೆಗೆ ನೆನಪಿಸಿದೆ, "ಬರ್ತೀವಿ" ಅಂದರು. ಏಳಕ್ಕೆ ಅಮ್ಮ ಹೋಗಿ ಕೇಳಿದಳು, ಗದರಿಸಿ ಕಳಿಸಿದರು. ಕೊನೆಗೆ ರೆಫರ್ ಚೀಟಿಯ ಕೆಳಗೆ ಗೆರೆ ಎಳೆದಿದ್ದ ಸಮಯವನ್ನು ತೋರಿಸಿದ ಮೇಲೆ 7.40ಕ್ಕೆ ಕೊಟ್ಟರು. ಸಿಸ್ಟರ್‌ಗಳು ಇಬ್ಬರೇ, ಹೆರಿಗೆ ಕೋಣೆಯಲ್ಲಿ ಆಗ ಇಬ್ಬರು ಕೂಗುತ್ತಿದ್ದರು, ಅದು ನನಗೆ ಅರ್ಥವಾಗುತ್ತೆ. ಆದರೆ ಹಾಸಿಗೆಯ ತಲೆ ಹತ್ತಿರ ಒಂದು ರಟ್ಟಿನ ಮೇಲೆ ನಾಲ್ಕು ಡೋಸಿನ ಸಮಯ ಬರೆದು ನೇತುಹಾಕಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಮೂರನೇದು, ನಾಲ್ಕನೇದು ಸರಿಯಾಗಿ ಆಯಿತು, ಯಾಕೆಂದರೆ ಆ ರಟ್ಟನ್ನು ನಾನೇ ಬರೆದು ನೇತುಹಾಕಿದೆ. ಡಾಕ್ಟರಮ್ಮ ನೋಡಿ ಅದನ್ನು ತೆಗೆಯಬೇಡಿ ಅಂದರು.

ಶೌಚಾಲಯದ ಚಿಲಕ ಮುರಿದಿತ್ತು, ನೆಲ ಯಾವಾಗಲೂ ಒದ್ದೆ. ನೀರು ಹೋದ ಗರ್ಭಿಣಿಯರು ದಿನಕ್ಕೆ ಹತ್ತು ಸಲ ಹೋಗುವ ಜಾಗ ಅದು. ಸ್ವಚ್ಛವಾಗಿರಬೇಕಾದ ಮೊದಲ ಜಾಗವೇ ಹೀಗಿದ್ದರೆ ಹೇಗೆ? ಜೊತೆಗೆ ಬಂದವರಿಗೆ ಮಲಗಲು ಜಾಗವೇ ಇಲ್ಲ, ಅಮ್ಮ ಆರು ರಾತ್ರಿ ವರಾಂಡದಲ್ಲಿ ಚಾಪೆ ಹಾಸಿಕೊಂಡಳು, ಮಳೆಯ ಎರಚಲು ಮೈಮೇಲೆ ಬೀಳುತ್ತಿತ್ತು.

ಇಂಜೆಕ್ಷನ್ ನಂತರ ನನಗೆ ಏನಾಯಿತು ಅಂತ ಕೇಳುತ್ತೀರಿ. ಸಕ್ಕರೆ ಏರಿತು, ಊಟವಾಗಿ ಎರಡು ಗಂಟೆಗೆ 168. ಮೊದಲೇ ಹೀಗಾಗುತ್ತೆ ಅಂತ ಹೇಳಿದ್ದರು. ನಾಲ್ಕೈದು ದಿನಕ್ಕೆ ಇಳಿಯಿತು. ನಿಮಗೆ ಮೊದಲೇ ಸಕ್ಕರೆ ಇದ್ದರೆ ತಪ್ಪದೆ ಹೇಳಿ, ಕೆಲವರಿಗೆ ಇನ್ಸುಲಿನ್ ಬೇಕಾಗುತ್ತೆ. ಮಾರನೇ ದಿನ ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ 15,600 ಅಂತ ಬಂತು. ನಂಜಾಯಿತು ಅಂತ ಅಳು ಬಂತು. ಸ್ಟೀರಾಯ್ಡಿಗೂ ಅದು ಏರುತ್ತೆ, ಜ್ವರ ಇಲ್ಲ, ನಾಡಿ ಸರಿ ಇದೆ, ಎರಡು ದಿನ ಬಿಟ್ಟು ನೋಡೋಣ ಅಂದರು. ಎರಡು ದಿನಕ್ಕೆ ಇಳಿದಿತ್ತು. ರಾತ್ರಿ ನಿದ್ದೆ ಬರಲಿಲ್ಲ, ಅದು ಔಷಧಿಗೋ ಭಯಕ್ಕೋ ಹೇಳಲಾರೆ.

ಮತ್ತೊಂದು ಮಾತು. ಇದು ಸುರಕ್ಷಿತ ಅಂತ ಯಾರೂ ಹಠ ಹಿಡಿದು ಕೇಳಿ ಹಾಕಿಸಿಕೊಳ್ಳುವ ಇಂಜೆಕ್ಷನ್ ಅಲ್ಲ. ಬೇಗ ಹೆರಿಗೆ ಆಗುವ ಸಂಭವ ನಿಜವಾಗಿ ಇರಬೇಕು, ತಾಯಿಗೆ ನಂಜು ಇರಬಾರದು, ವಾರದ ಲೆಕ್ಕ ಸರಿಯಿರಬೇಕು, ಹುಟ್ಟಿದ ಮೇಲೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಅದಕ್ಕೇ ನಮ್ಮ ಸಿಸ್ಟರ್ 12 ವಾರದ ಸ್ಕ್ಯಾನ್ ಕೇಳಿದ್ದು. ಆ ಒಂದು ಹಾಳೆಯನ್ನು ತಾಯಿ ಕಾರ್ಡಿನ ಒಳಗೇ ಇಡಿ.

ಇಂಜೆಕ್ಷನ್ ಶುರುವಾಗಿ 24 ಗಂಟೆ ಕಳೆದ ಮೇಲಿನಿಂದ ಏಳು ದಿನದೊಳಗೆ ಹೆರಿಗೆಯಾದರೆ ಲಾಭ ಜಾಸ್ತಿ ಅಂತ ಡಾಕ್ಟರಮ್ಮ ಹೇಳಿದ್ದರು. ನಾನು ದಿನ ಎಣಿಸುತ್ತಿದ್ದೆ. ಆರನೇ ದಿನ, ಭಾನುವಾರ ಬೆಳಗಿನ ಜಾವ ನೋವು ಬಂತು. 32 ವಾರ ಆಗಿರಲಿಲ್ಲವಾದ್ದರಿಂದ ಮಗುವಿನ ಮೆದುಳಿಗೆ ರಕ್ಷಣೆ ಅಂತ ಮೆಗ್ನೀಸಿಯಂ ಹಾಕಿದರು. ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಕಾದಿತು, ಅದನ್ನು ಮೊದಲೇ ಹೇಳಿದ್ದರು, ಹೆದರಲಿಲ್ಲ. 3.20ಕ್ಕೆ ಹುಟ್ಟಿದಳು. 1,420 ಗ್ರಾಂ. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಅಳು. ನಾನು ಕಾಯುತ್ತಿದ್ದಿದ್ದು ಆ ಅಳುವಿಗೆ.

ಎಸ್‌ಎನ್‌ಸಿಯು, ಅಂದರೆ ಆಗತಾನೇ ಹುಟ್ಟಿದ ಮಕ್ಕಳ ಘಟಕದ ಬಗ್ಗೆ ಒಂದೇ ಒಂದು ದೂರೂ ಇಲ್ಲ. ಉಸಿರಾಟಕ್ಕೆ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮೂಗಿಗೆ ಹಾಕಿದ್ದು ಎರಡು ದಿನ, ವೆಂಟಿಲೇಟರ್ ಬೇಕಾಗಲಿಲ್ಲ. ತೂಕ 1,310ಕ್ಕೆ ಇಳಿದಾಗ ಕುಸಿದುಹೋದೆ. ಮೊದಲ ವಾರ ಎಲ್ಲ ಮಕ್ಕಳಿಗೂ ಇಳಿಯುತ್ತೆ ಅಂತ ಅಲ್ಲಿನ ಸಿಸ್ಟರ್ ದಿನಾ ಹೇಳುತ್ತಿದ್ದರು. ಹಿಂಡಿದ ಹಾಲನ್ನು ಮೊದಲು ಕೊಳವೆಯಲ್ಲಿ, ಆಮೇಲೆ ಪಲಡಾ ಅನ್ನೋ ಮೂತಿಯಿರುವ ಸಣ್ಣ ಬಟ್ಟಲಲ್ಲಿ ಕುಡಿಸಿದರು. ಅದನ್ನು ನೋಡಿ ಅತ್ತೆಗೆ ಖುಷಿಯೋ ಖುಷಿ: "ಅಯ್ಯೋ, ಇದು ನಮ್ಮ ಒಳಲೆ!" ಮನೆಯ ಅಟ್ಟದಲ್ಲಿದ್ದ ಬೆಳ್ಳಿಯ ಒಳಲೆಯನ್ನು ಮಾರನೇ ದಿನವೇ ತೊಳೆಸಿ ತರಿಸಿದ್ದರು. ಅಲ್ಲಿ ಬಿಡಲಿಲ್ಲ, ಮನೆಗೆ ಹೋದ ಮೇಲೆ ಕುದಿಸಿ ಬಳಸಿ ಅಂದರು. ಎಂಟನೇ ದಿನದಿಂದ ಕಾಂಗರೂ ಆರೈಕೆ. ಎದೆಗೆ ಕಟ್ಟಿಕೊಂಡು ದಿನಕ್ಕೆ ಎಂಟು ಗಂಟೆ ಕೂತೆ. ಅಪ್ಪನೂ ಕಟ್ಟಿಕೊಳ್ಳಬಹುದು ಅಂದಾಗ ನಮ್ಮನೆಯವರು ಅಂಗಿ ಬಿಚ್ಚಿ ಕೂತರು, ಎರಡು ಗಂಟೆ ಅಲ್ಲಾಡಲಿಲ್ಲ.

26ನೇ ದಿನ ಮನೆಗೆ. 1,760 ಗ್ರಾಂ. ಆಸ್ಪತ್ರೆಗೆ ನಾವು ಒಂದು ರೂಪಾಯಿ ಕಟ್ಟಲಿಲ್ಲ. ಹೆರಿಗೆ, ಔಷಧಿ, ಮಗುವಿನ ಚಿಕಿತ್ಸೆ ಎಲ್ಲ ಉಚಿತ. ಖರ್ಚಾಗಿದ್ದು ಊಟ, ಆಟೋ. ನಾಲ್ಕು ವಾರ ತುಂಬಿದಾಗ ಕಣ್ಣಿನ ಪರೀಕ್ಷೆಗೆ ಮತ್ತೆ ಬರಲೇಬೇಕು ಅಂತ ಬಿಡುಗಡೆ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಕಡಿಮೆ ತೂಕದ ಮಕ್ಕಳ ಕಣ್ಣಿನ ಹಿಂದಿನ ಪರದೆಗೆ ತೊಂದರೆ ಬರಬಹುದು, ಸಮಯಕ್ಕೆ ಕಂಡರೆ ದೃಷ್ಟಿ ಉಳಿಸಬಹುದು. ಆ ಮಳೆಯಲ್ಲಿ ಮತ್ತೆ 62 ಕಿಲೋಮೀಟರ್ ಹೋದೆವು. ಕಣ್ಣು ಚೆನ್ನಾಗಿವೆ.

ಜಿಲ್ಲಾ ಆಸ್ಪತ್ರೆಗೆ ಐದಕ್ಕೆ ನಾಲ್ಕು. ಚಿಲಕ ಹಾಕಿಸಿ, ಡೋಸಿನ ರಟ್ಟು ನೇತುಹಾಕಿದರೆ ಐದು ಕೊಡುತ್ತೇನೆ. ನರ್ಸಿಂಗ್ ಹೋಮಿಗೆ ನಾನು ಪತ್ರ ಬರೆದೆ, ಏನಾಯಿತು ಅಂತ ತಾರೀಕು, ಗಂಟೆ ಸಮೇತ. ರಿಜಿಸ್ಟರ್ ಪೋಸ್ಟ್, ಮುಟ್ಟಿದ ಸಹಿ ಬಂದಿದೆ. ಉತ್ತರ ಬಂದಿಲ್ಲ.

ಲಸಿಕೆಗೆ ಅಂತ ಮೊನ್ನೆ ಮಗುವನ್ನು ಪಿಎಚ್‌ಸಿಗೆ ಕರೆದುಕೊಂಡು ಹೋಗಿದ್ದೆ. ಅವತ್ತಿನ ಸಿಸ್ಟರೇ ಇದ್ದರು. ತೂಕ ನೋಡಿ ಎರಡು ಸಲ ತಕ್ಕಡಿ ಸರಿಮಾಡಿದರು. ಆ ಔಷಧಿ ಒಂದು ಸಲ ತೋರಿಸಿ ಅಂತ ಕೇಳಿದೆ. ಹಸಿರು ಟ್ರೇ ತಂದರು. ಹೆಬ್ಬೆರಳಿಗಿಂತ ಸಣ್ಣ ಬಾಟಲಿ. ಅಂಗೈಯಲ್ಲಿ ಇಟ್ಟುಕೊಂಡು, ಅಭ್ಯಾಸದಂತೆ ಅವಧಿ ಮುಗಿಯುವ ತಾರೀಕು ನೋಡಿದೆ. ಇನ್ನೂ ಒಂದೂವರೆ ವರ್ಷ ಇತ್ತು. ಟ್ರೇಯಲ್ಲಿ ಅಂಥವೇ ಇನ್ನೂ ಮೂರು ಇದ್ದವು.